ಮಹಾದೇವಕ್ಕನ ಹಿತ್ತಲ ಮಣ್ಣು

ಮೈಸೂರು
೩ ಮಾರ್ಚ್ ೨೦೨೫

ಮಾನ್ಯ ಮಹಾದೇವಕ್ಕನವರಿಗೆ ನಮಸ್ಕಾರಗಳು.

ನಾನು ಮೈತ್ರೇಯಿ. ನಿಮ್ಮ ಭಾವನವರ ಮಗಳು ಸುನಿತಾ ಮತ್ತು ನಾನು ಇಲ್ಲಿ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೇವೆ. ಹೋದ ವರ್ಷ ಏಪ್ರಿಲಿನಲ್ಲಿ ಅವಳು ಕೇಳಿದಳೆಂದು ನೀವು ಹಿತ್ತಲಿನ ಮಣ್ಣನ್ನು ಡಬ್ಬಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದ್ದಿರಿ. ಅದನ್ನು ತರಿಸಿಕೊಂಡವಳು ನಾನೇ. ಫೋನ್ ಮಾಡೋಣವೆಂದರೆ ಸುನಿತಾ, “ನಮ್ಮ ಕಾಕು ಫೋನಿನ್ಯಾಗ ಹೂಂ ಅಂದು ಇಟ್ಟಬಿಡ್ತಾಳ. ಕಾಗದ ಬರಿ, ನಾಕು ಪುಟ ಉತ್ತರ ಬರ್ತೈತಿ” ಎಂದಳು.

ವಿಷಯ ಇಷ್ಟು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಕೆಲವು ಗಂಜಿಯನ್ನು ತಿಂದು ಬದುಕುತ್ತವೆ. ಗಂಜಿಯನ್ನು ಕರಗಿಸಲು ಅವು ಒಂದು ರಸ ಬಿಡುತ್ತವೆ, ಅದಕ್ಕೆ ಕಿಣ್ವ ಎನ್ನುತ್ತೇವೆ. ಬಟ್ಟೆ ಗಿರಣಿಗಳಲ್ಲಿ ನೂಲಿನ ಗಂಜಿ ತೆಗೆಯಲು ಈ ಕಿಣ್ವ ಬೇಕು, ಆದರೆ ಅಲ್ಲಿಯ ಬಿಸಿನೀರಿಗೆ ಸಾಧಾರಣ ಕಿಣ್ವ ಕೆಟ್ಟುಹೋಗುತ್ತದೆ. ಬಿಸಿಗೆ ಜಗ್ಗದ ಕಿಣ್ವಕ್ಕಾಗಿ ನಾನು ಅರವತ್ತೆರಡು ಊರಿನ ಮಣ್ಣು ತರಿಸಿ ನೋಡಿದೆ. ಸಿಕ್ಕಿದ್ದು ಒಂದೇ ಕಡೆ, ನಿಮ್ಮ ಹಿತ್ತಲಿನಲ್ಲಿ. ತೊಂಬತ್ತು ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೂ ಅದು ತನ್ನ ಕೆಲಸ ಬಿಡಲಿಲ್ಲ. ಬೇರೆ ಮಣ್ಣುಗಳಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾ ಮುತ್ತಿಕೊಂಡಿರುತ್ತವೆ, ನಿಮ್ಮದರಲ್ಲಿ ಬೆಳೆದದ್ದು ಮೂರೇ ಮೂರು. ತಿರ್ಲಾಪುರದ ಕರಿಮಣ್ಣಿನ ಈ ವಿಶೇಷ ಗುಣದ ಬಗ್ಗೆ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ನಾಲ್ಕು ಪುಟ ಬರೆದಿದ್ದೇನೆ.

ಈಗ ಕಷ್ಟಕ್ಕೆ ಬರುತ್ತೇನೆ. ಹೋದ ವಾರ ತಪಾಸಣೆಯವರು ಬರುತ್ತಾರೆಂದು ಪ್ರಯೋಗಾಲಯ ಸ್ವಚ್ಛ ಮಾಡುವಾಗ ನಮ್ಮ ಸಹಾಯಕ ಮಶಾಕಸಾಬ ನಾನು ಬ್ಯಾಕ್ಟೀರಿಯಾ ಬೆಳೆಸಿಟ್ಟಿದ್ದ ನಳಿಕೆಗಳನ್ನೂ ಉಳಿದ ಮಣ್ಣನ್ನೂ ಕಸದ ಜೊತೆ ಕ್ರಿಮಿ ಕೊಲ್ಲುವ ದೊಡ್ಡ ಕುಕ್ಕರಿಗೆ ಹಾಕಿಬಿಟ್ಟ. ಎಲ್ಲವೂ ಸತ್ತವು. ಫ್ರೀಜರಿನಲ್ಲಿ ಇನ್ನೊಂದು ಪ್ರತಿ ಇಡಬೇಕಿತ್ತು. ನಾಳೆ ಇಟ್ಟರಾಯಿತು ಎಂದು ಹತ್ತು ತಿಂಗಳು ಕಳೆದಿದ್ದೆ. ಇಟ್ಟಿದ್ದೇನೆಂದು ನಮ್ಮ ಮಾರ್ಗದರ್ಶಕ ವಿಜಯೀಂದ್ರ ಸರ್‌ಗೆ ಸುಳ್ಳನ್ನೂ ಹೇಳಿದ್ದೆ. ಜೂನ್ ಹತ್ತಕ್ಕೆ ಹೊರಗಿನ ತಜ್ಞರ ಎದುರು ನನ್ನ ಸೆಮಿನಾರ್ ಇದೆ. ಅವರು “ಎಲ್ಲಿ, ತೋರಿಸಿ” ಎನ್ನುತ್ತಾರೆ. ತೋರಿಸಲಾಗದಿದ್ದರೆ ಮೂರು ವರ್ಷದ ಕೆಲಸ ಬರೀ ಕಾಗದ. ರಜೆ ಕೇಳಿ ನಿಮ್ಮಲ್ಲಿಗೆ ಬರೋಣವೆಂದರೆ ಸರ್ ಯಾಕೆಂದು ಕೇಳುತ್ತಾರೆ. ಸುನಿತಾಗೂ ಇದು ಗೊತ್ತಿಲ್ಲ, ನಿಮಗೊಬ್ಬರಿಗೇ ಹೇಳಿದ್ದೇನೆ. ದಯವಿಟ್ಟು ಅದೇ ಜಾಗದ ಮಣ್ಣು ಇನ್ನೊಂದು ಡಬ್ಬಿ ಕಳಿಸಿಕೊಡಿ.

ತಮ್ಮ ವಿಶ್ವಾಸಿ
ಮೈತ್ರೇಯಿ


ತಿರ್ಲಾಪುರ
೧೧ ಮಾರ್ಚ್ ೨೦೨೫

ಮೈತ್ರೇಯಿ ಮೇಡಮ್ ಅವರಿಗೆ ಮಹಾದೇವಕ್ಕನ ಶರಣು.

ನಾನು ಏಳನೆಯ ಇಯತ್ತೆ ಪಾಸು. ಕಾಗದವನ್ನು ಪುಸ್ತಕದ ಕನ್ನಡದಲ್ಲೇ ಬರೆಯಬೇಕೆಂದು ನಮ್ಮ ಮಾಸ್ತರರು ಕೈಮೇಲೆ ಹೊಡೆದು ಕಲಿಸಿದ್ದಾರೆ. ಆದ್ದರಿಂದ ಹೀಗೇ ಬರೆಯುತ್ತೇನೆ. ಸಿಟ್ಟು ಬಂದಾಗ ಮಾತ್ರ ಕೈ ತಪ್ಪುತ್ತದೆ.

ನಿಮ್ಮ ಕಾಗದ ಓದಿ ನನಗೆ ನಗುವೂ ಬಂತು, ಮೈಯೂ ಉರಿಯಿತು. ಗಂಜಿ ನೀರಾಗಿಸುವ ಆ ಹುಳವನ್ನು ನಾನು ಬಲ್ಲೆ ಮೇಡಮ್. ಹನ್ನೆರಡು ವರ್ಷದಿಂದ ಗೋಧಿ ಹಾಲಿನ ಸಂಡಿಗೆ ಮಾಡಿ ಮಾರುತ್ತಿದ್ದೇನೆ. ಗೋಧಿ ನೆನೆಸಿ, ರುಬ್ಬಿ, ಹಾಲು ತೆಗೆದು, ಗಟ್ಟಿಯಾಗಿ ಕಾಸಿ ಇಟ್ಟರೆ ಬೆಳಿಗ್ಗೆ ನೋಡುವಷ್ಟರಲ್ಲಿ ನೀರು ನೀರು! ಒಮ್ಮೆ ಮೂವತ್ತು ಸೇರು ಗೋಧಿಯ ಹಾಲು ಹಿಂಗೇ ಹಾಳಾಗಿ ಹಿತ್ತಲಿಗೆ ಚೆಲ್ಲಿದ್ದೇನೆ. ನಾನು ಬಡಿದಾಡುತ್ತಿರುವ ಶತ್ರುವನ್ನು ನೀವು ಅಲ್ಲಿ ಸಾಕಿ ಡಾಕ್ಟರ್ ಆಗುತ್ತೀರಿ. ಇರಲಿ. ಸುನಿತಾಳ ಗೆಳತಿ ಎಂದಮೇಲೆ ನೀವೂ ಮನೆಯ ಮಗಳೇ.

ಹೋದ ಸಲ ತಿಳಿಯದೆ ಸಂಡಿಗೆ ನೀರು ಚೆಲ್ಲುವ ಮೋರಿಯ ಬಾಜುವಿನ ಮಣ್ಣು ಕಳಿಸಿದ್ದೆ. ಆಗ ಹೇಗೆ ಕಳಿಸಿದೆ ಎಂಬ ಮಾತು ಈಗ ಬೇಡ. ಡಾಕ್ಟರ್ ಪದವಿಗೆ ಹೋಗುವ ಮಣ್ಣು ಎಂದು ಗೊತ್ತಾದ ಮೇಲೂ ಮೋರಿ ಮಣ್ಣು ಕಳಿಸಿದರೆ ಸರಿಯೇ? ಈ ಸಲ ಮುಂದಿನಂಗಳದ ಪತ್ರಿ ಗಿಡದ ಬುಡದಿಂದ ತೆಗೆದು, ಕಸ ಆರಿಸಿ, ರವೆಯ ಜರಡಿಯಲ್ಲಿ ಎರಡು ಸಲ ಸಾಣಿಸಿದ್ದೇನೆ. ಮುಖಕ್ಕೆ ಹಚ್ಚಿಕೊಳ್ಳುವಷ್ಟು ನುಣುಪಾಗಿದೆ.

ನಮ್ಮವರು, ಅಂದರೆ ಈರಬಸಪ್ಪ, “ಲೇ, ಮೈಸೂರಿನ್ಯಾಗ ಮಣ್ಣಿಲ್ಲೇನು?” ಎಂದು ಕೇಳಿದರು. ಅಂಚೆಯ ಮಡಿವಾಳೆಪ್ಪ, “ಮಣ್ಣಿಗೆ ಸ್ಪೀಡ್ ಪೋಸ್ಟ್ ಯಾಕ್ರೀ ಅಕ್ಕಾರ, ತಡಾ ಆದ್ರ ಹಳಸತೈತೇನು?” ಎಂದ.

ಇಂತಿ
ಮಹಾದೇವಕ್ಕ


ಮೈಸೂರು
೧೯ ಮಾರ್ಚ್ ೨೦೨೫

ಮಹಾದೇವಕ್ಕನವರಿಗೆ ನಮಸ್ಕಾರಗಳು.

ಡಬ್ಬಿ ತಲುಪಿತು. ಅಷ್ಟು ನುಣುಪಾದ ಮಣ್ಣನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಕೆಲಸಕ್ಕೆ ಬರಲಿಲ್ಲ. ಪತ್ರಿ ಗಿಡದ ಬುಡದಲ್ಲಿ ಗಂಜಿ ಎಲ್ಲಿಂದ ಬರಬೇಕು? ಗಂಜಿ ತಿನ್ನುವವರು ಗಂಜಿ ಬೀಳುವಲ್ಲೇ ಇರುತ್ತಾರೆ. ನನಗೆ ಬೇಕಾದದ್ದು ಆ ಮೋರಿ ಬಾಜುವಿನ ಮಣ್ಣೇ.

ಇನ್ನೊಂದು ವಿನಂತಿ, ದಯವಿಟ್ಟು ಜರಡಿ ಹಿಡಿಯಬೇಡಿ. ನನ್ನನ್ನು ಮೇಡಮ್ ಎನ್ನಲೂ ಬೇಡಿ. ನಾನೂ ಧಾರವಾಡದವಳೇ.

ಸೆಮಿನಾರಿಗೆ ಇನ್ನು ಎಂಬತ್ತಮೂರು ದಿನ.

ಮೈತ್ರೇಯಿ


ತಿರ್ಲಾಪುರ
೨೭ ಮಾರ್ಚ್ ೨೦೨೫

ಚಿರಂಜೀವಿ ಮೈತ್ರೇಯಿಗೆ ಆಶೀರ್ವಾದಗಳು.

ಧಾರವಾಡದ ಹುಡುಗಿಯಾಗಿ ಮೊದಲೇ ಹೇಳುವುದಲ್ಲವೇ? ಸುಮ್ಮನೆ ಮೇಡಮ್ ಮೇಡಮ್ ಎಂದು ನಾಲಿಗೆ ಸವೆಸಿದೆ.

ನೀನು ಕೇಳಿದ ಜಾಗದಿಂದಲೇ ಅಗೆದು ಕಳಿಸಿದ್ದೇನೆ. ಜರಡಿ ಹಿಡಿದಿಲ್ಲ. ಆದರೆ ಮೋರಿಯ ಮಣ್ಣನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟದ್ದು ಎಂದು ಒಂದು ಹಿಡಿ ಅರಿಶಿನ ಬೆರೆಸಿ, ಮೇಲೆ ಸ್ವಲ್ಪ ವಿಭೂತಿ ಉದುರಿಸಿದ್ದೇನೆ. ಬಾಜು ಮನೆಯ ಜಮಾಲಬಿ ಯಮನೂರಿಗೆ ಹೋಗಿದ್ದಳು. ನಿನ್ನ ಹೆಸರು ಹೇಳಿ ದರ್ಗಾದಲ್ಲಿ ಬೇಡಿಕೊಂಡು ಒಂದು ಚಿಟಿಕೆ ಊದಿನ ಬೂದಿ ತಂದಿದ್ದಳು. ಅದೂ ಅದರಲ್ಲಿದೆ. ಎಲ್ಲ ಕಡೆಯಿಂದಲೂ ಬಂದೋಬಸ್ತು ಮಾಡಿದ್ದೇನೆ, ಇನ್ನು ಚಿಂತೆ ಬಿಡು.

ಮಹಾದೇವಕ್ಕ


ಮೈಸೂರು
೭ ಏಪ್ರಿಲ್ ೨೦೨೫

ಪ್ರೀತಿಯ ಕಾಕೂ,

ಜಮಾಲಬಿಯವರಿಗೆ ನನ್ನ ಸಲಾಮು ಹೇಳಿ. ಅವರ ಬೇಡಿಕೆಯಲ್ಲಿ ಏನೂ ದೋಷವಿಲ್ಲ. ದೋಷ ಅರಿಶಿನದ್ದು. ಗಾಯಕ್ಕೆ ನಾವು ಅರಿಶಿನ ಯಾಕೆ ಹಚ್ಚುತ್ತೇವೆ ಹೇಳಿ? ಇಲ್ಲೂ ಅದು ಅದೇ ಕೆಲಸ ಮಾಡಿತು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯ ಮೇಲೆ ಹಳದಿ ಬಣ್ಣ ಬಿಟ್ಟರೆ ಏನೂ ಮೂಡಲಿಲ್ಲ. ಮಶಾಕಸಾಬ ಬಗ್ಗಿ ನೋಡಿ, “ಯಾರದರ ಲಗ್ನ ಐತೇನ್ರಿ ಮೇಡಮ್?” ಎಂದು ಕೇಳಿದ. ಅವನೂ ನಮ್ಮ ಕಡೆಯವನೇ, ಅಣ್ಣಿಗೇರಿಯವನು.

ಕಾಕೂ, ಕೈಮುಗಿದು ಕೇಳುತ್ತೇನೆ. ಅಗೆಯಿರಿ, ಡಬ್ಬಿಗೆ ಹಾಕಿ, ಮುಚ್ಚಿ, ಕಳಿಸಿ. ತೊಳೆಯಬೇಡಿ, ಆರಿಸಬೇಡಿ, ಏನನ್ನೂ ಬೆರೆಸಬೇಡಿ. ಅದು ಹೇಗಿದೆಯೋ ಹಾಗೇ ಬರಲಿ. ನಿನ್ನೆ ಸರ್ ಎದುರಾದಾಗ, “ನಿನ್ನ ಬ್ಯಾಕ್ಟೀರಿಯಾ ಹೆಂಗೈತವಾ, ಆರಾಮ?” ಎಂದು ಕೇಳಿದರು. ಆರಾಮಿದೆ ಸರ್ ಎಂದೆ. ನನ್ನ ಊಟವೇ ಆರಾಮಾಗಿ ಇಳಿಯುತ್ತಿಲ್ಲ.

ಮೈತ್ರೇಯಿ


ತಿರ್ಲಾಪುರ
೧೬ ಏಪ್ರಿಲ್ ೨೦೨೫

ಚಿ. ಮೈತ್ರೇಯಿಗೆ ಆಶೀರ್ವಾದಗಳು.

ನೀನು ಹೇಳಿದಂತೆಯೇ ಮಾಡಿದ್ದೇನೆ. ಅಗೆದೆ, ಹಾಕಿದೆ, ಮುಚ್ಚಿದೆ. ಅದರಲ್ಲಿ ಏನೇನು ಹರಿದಾಡುತ್ತಿತ್ತೋ ಅದೆಲ್ಲವೂ ನಿನ್ನ ಕಡೆಗೆ ಬರುತ್ತಿದೆ. ಹೋದ ವರ್ಷದ್ದಕ್ಕೆ ನಾನು ಸ್ವಲ್ಪ ಮರ್ಯಾದೆ ಮಾಡಿ ಕಳಿಸಿದ್ದೆ. ಈ ಸಲ ಮರ್ಯಾದೆ ಬಿಟ್ಟು ಕಳಿಸಿದ್ದೇನೆ.

ಬಿಸಿಲು ಈಗ ಹೇಗಿದೆ ಎಂದು ನಿನಗೇ ಗೊತ್ತು. ಅಂಚೆ ಮನೆಯಲ್ಲಿ ಡಬ್ಬಿ ಎರಡು ತಾಸು ಇತ್ತಷ್ಟೇ, ಮುಚ್ಚಳ ತಾನೇ ಹಾರಿತಂತೆ. ಮಡಿವಾಳೆಪ್ಪ ಮೂಗಿಗೆ ಟವಲು ಕಟ್ಟಿಕೊಂಡು ವಾಪಸು ತಂದು, “ಅಕ್ಕಾರ, ಇದು ಸತ್ತೈತೋ ಬದುಕೈತೋ ಅಷ್ಟು ಹೇಳ್ರಿ” ಎಂದ. ಓಣಿಯ ಮಂದಿಯೆಲ್ಲ ನಿಂತು ನೋಡಿದರು. ನನ್ನ ಸಂಡಿಗೆ ಕೊಳ್ಳುವವರೂ ಅವರಲ್ಲಿದ್ದರು. ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ ಮತ್ತೆ ಕೊಟ್ಟೆ. ನಿನ್ನ ಸಲುವಾಗಿ ಇಷ್ಟು ಮಾಡಿದ್ದೇನೆ, ನೆನಪಿರಲಿ.

ಮಹಾದೇವಕ್ಕ


ಮೈಸೂರು
೨೬ ಏಪ್ರಿಲ್ ೨೦೨೫

ಮಹಾದೇವಕ್ಕನವರಿಗೆ,

ಮಣ್ಣು ಬಂತು. ಹತ್ತು ತಟ್ಟೆಗೆ ಹಾಕಿದೆ. ಹತ್ತೂ ತಟ್ಟೆಯಲ್ಲಿ ಸಂತೆ ನೆರೆದಿದೆ. ಬಿಳಿ, ಹಳದಿ, ಕೆಂಪು, ಮೇಲೆ ಬೂಷ್ಟು. ಒಂದರ ಮೇಲೊಂದು ಹರಡಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಮತ್ತೆ ಮಾಡಿದೆ, ಮತ್ತೆ ಸಂತೆ. ಇವುಗಳಲ್ಲಿ ನನ್ನದು ಇದ್ದರೂ ಹುಡುಕಲು ಆರು ತಿಂಗಳು ಬೇಕು. ನನ್ನ ಬಳಿ ಉಳಿದಿರುವುದು ನಲವತ್ತೈದು ದಿನ.

ಹೋದ ವರ್ಷದ ಡಬ್ಬಿಯಲ್ಲಿ ಮೂರೇ ಇದ್ದವು. ಈಗ ಮುನ್ನೂರು. ಒಂದೇ ಜಾಗದ ಮಣ್ಣು ಹೀಗಿರಲು ಸಾಧ್ಯವಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಆದರೆ ನನಗೆ ಅನ್ನಿಸುವುದನ್ನು ಹೇಳಲೇಬೇಕು. ಮೊದಲ ಸಲ ನೀವು ಬೇರೆ ಎಲ್ಲಿಂದಲೋ ತಂದು ಕಳಿಸಿ, ಹಿತ್ತಲಿನದು ಎಂದು ಹೇಳಿರಬೇಕು. ನಾನು ನಾಲ್ಕು ಪುಟ ಬರೆದದ್ದು ಆ ಮಾತನ್ನು ನಂಬಿ. ದಯವಿಟ್ಟು ಈಗಲಾದರೂ ನಿಜ ಹೇಳಿ.

ಮೈತ್ರೇಯಿ


ತಿರ್ಲಾಪುರ
೨ ಮೇ ೨೦೨೫

ಮೈತ್ರೇಯಿ,

ಈ ಕಾಗದ ಪುಸ್ತಕದ ಕನ್ನಡದಾಗ ಬರೂದಿಲ್ಲ.

ನಾನು ಸುಳ್ಳಗಾತಿ ಅಂದಿ. ಹನ್ನೆರಡ ವರ್ಷ ಸಂಡಿಗಿ ಮಾರೀನಿ, ಗೋಧಿ ಹಾಲಿನಾಗ ಒಂದ ಹಿಡಿ ಅಕ್ಕಿ ಹಿಟ್ಟ ಬೆರಸಿದಾಕಿ ಅಲ್ಲ ನಾನು. ನಿನ್ನ ಸಲುವಾಗಿ ಓಣಿ ಮುಂದ ಮಾನಾ ಕಳಕೊಂಡೆ. ಮೂರ ಸಲ ಮೋರಿ ಅಗದೀನಿ, ಮೂರ ಸಲ ಕಟ್ಟಿ ಕಳಿಸೀನಿ. ನಿನಗ ಅದು ಕಾಣಲಿಲ್ಲ.

ಮಣ್ಣು ಆ ಮೋರಿ ಬಾಜೂದ. ಆಗಲೂ ಅಲ್ಲಿದ, ಈಗಲೂ ಅಲ್ಲಿದ. ಇದರ ಮ್ಯಾಲ ಒಂದ ಮಾತ ಕೇಳಬ್ಯಾಡ, ಹೇಳೂ ಹಂಗಿದ್ದರ ಯಾವಾಗೋ ಹೇಳತಿದ್ದೆ. ಇನ್ನ ಒಂದ ಚಿಟಿಕಿ ಮಣ್ಣ ಸೈತ ನನ್ನ ಹಿತ್ತಲದಿಂದ ಬರೂದಿಲ್ಲ.

ಮಹಾದೇವಕ್ಕ


ಮೈಸೂರು
೧೦ ಮೇ ೨೦೨೫

ಕಾಕೂ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ತಪ್ಪಾಯಿತು. ಇದು ಮಣ್ಣಿಗಾಗಿ ಬರೆಯುತ್ತಿರುವ ಕಾಗದವಲ್ಲ. ಮಣ್ಣಿನ ಆಸೆ ಬಿಟ್ಟಿದ್ದೇನೆ.

ನಿಜ ಹೇಳಿ ಎಂದು ನಿಮಗೆ ಬರೆದೆನಲ್ಲ, ನಾನು ಮೊದಲ ಕಾಗದದಲ್ಲೇ ಸುಳ್ಳು ಬರೆದಿದ್ದೆ. ಮಶಾಕಸಾಬ ನನ್ನ ನಳಿಕೆಗಳನ್ನು ಕುಕ್ಕರಿಗೆ ಹಾಕಲಿಲ್ಲ. ನಾನೇ ಹಾಕಿದೆ. ತಪಾಸಣೆಯವರ ಕಣ್ಣಿಗೆ ಎಲ್ಲ ಲಕಲಕ ಹೊಳೆಯಬೇಕೆಂದು ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿದೆ. ಅವನು ಎರಡು ಸಲ ಕೇಳಿದ: “ನೋಡ್ಕೋರಿ ಮೇಡಮ್, ಈ ಕುಕ್ಕರಿನ್ಯಾಗ ಹೋದಾಂವ ಯಾವನೂ ಜೀವಂತ ಹೊರಗ ಬಂದಿಲ್ಲ.” “ಗೊತ್ತೈತಿ, ಮುಚ್ಚು” ಎಂದು ಗದರಿಸಿದೆ. ಆಮೇಲೆ ಅಪರಿಚಿತರಾದ ನಿಮಗೆ ಬರೆಯುವಾಗಲೂ ನನ್ನ ಮರ್ಯಾದೆ ಉಳಿಸಿಕೊಳ್ಳಲು ಆ ಪಾಪದವನ ಹೆಸರು ಹಾಕಿದೆ. ನಿನ್ನೆ ಅವನೆದುರು ಹೋಗಿ ಇದನ್ನೆಲ್ಲ ಹೇಳಿದೆ. ಅವನು, “ಬಿಡ್ರಿ, ನನ್ನ ಹೆಸರು ಮೊದಲ ಸಲ ಕಾಗದದಾಗ ಬಂದಿತ್ತು” ಎಂದು ನಕ್ಕ. ನನಗೆ ಅಳು ಬಂತು.

ಸರ್‌ಗೆ ಮುಂದಿನ ವಾರ ಹೇಳುತ್ತೇನೆ. ನಿಮ್ಮ ಮಾತನ್ನು ನಂಬದೆ ಇದ್ದದ್ದಕ್ಕೆ ಕ್ಷಮಿಸಿ. ನೀವು ಅಲ್ಲಿಯದೇ ಮಣ್ಣು ಎಂದರೆ ಅದು ಅಲ್ಲಿಯದೇ.

ನಿಮ್ಮ
ಮೈತ್ರೇಯಿ


ತಿರ್ಲಾಪುರ
೧೭ ಮೇ ೨೦೨೫

ಮಗಳೇ ಮೈತ್ರೇಯಿ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಎರಡು ದಿನವೂ ಕೆಲಸದಲ್ಲಿ ಮನಸ್ಸಿಲ್ಲ. ನೀನು ಹುಡುಗಿ, ನೀನೇ ನಿಜ ಹೇಳಿದೆ. ನಾನು ಇಷ್ಟು ದೊಡ್ಡವಳಾಗಿ ಮುಚ್ಚಿಟ್ಟುಕೊಂಡು ಕೂತರೆ ಹೇಗೆ? ಈ ಕಾಗದ ಓದಿ ಹರಿದುಹಾಕು. ಸುನಿತಾಳ ಕೈಗೆ ಮಾತ್ರ ಸಿಗಬಾರದು, ಅವಳಿಗೆ ಸಿಕ್ಕರೆ ಅವಳ ಕಾಕಾನಿಗೆ ಸಿಕ್ಕ ಹಾಗೆ.

ಹೋದ ವರ್ಷ ಸುನಿತಾ ಮಣ್ಣು ಕೇಳಿದಾಗ ಆ ಮೋರಿ ಬಾಜುವಿನಲ್ಲೇ ಅಗೆದೆ. ಅಗೆದರೆ ಅದು ಕೈಯಲ್ಲೇ ಹರಿದಾಡುತ್ತಿದೆ! ನಾರುವುದು ಬೇರೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪರ ಊರಿಗೆ ರವೆ ಕಳಿಸಲಿ, ಶಾವಿಗೆ ಕಳಿಸಲಿ, ಹುರಿಯದೆ ಕಳಿಸುವುದಿಲ್ಲ. ಅವರ ಮನೆ ಮುಟ್ಟಿದ ಮೇಲೆ ಅದರಲ್ಲಿ ಹುಳ ಕಂಡರೆ ಯಾರ ಮಾನ ಹೋಗುತ್ತದೆ? ಕಳಿಸಿದವಳದ್ದೇ. ಹಾಗಾಗಿ ಆ ಮಣ್ಣನ್ನೂ ಹುರಿದೆ.

ಹುರಿದದ್ದಷ್ಟೇ ಆಗಿದ್ದರೆ ನಿನಗೆ ಅಂದೇ ಹೇಳುತ್ತಿದ್ದೆ. ನನ್ನ ದೊಡ್ಡ ಬಾಣಲೆಯನ್ನು ಜಮಾಲಬಿ ಮಗಳ ನಿಕಾಹಕ್ಕೆಂದು ಒಯ್ದಿದ್ದಳು. ಮಡಿವಾಳೆಪ್ಪ ಹೊರಡುವ ಹೊತ್ತಾಗಿತ್ತು. ಒಲೆಯ ಮೇಲೆ ರೊಟ್ಟಿಯ ಹಂಚು ಕಾದಿತ್ತು. ಅದರ ಮೇಲೇ ಸುರುವಿದೆ. ಆಮೇಲೆ ಬೂದಿ ಹಾಕಿ, ಹುಣಸೆ ಹಚ್ಚಿ, ಏಳು ಸಲ ತಿಕ್ಕಿ ತೊಳೆದೆ. ಆದರೂ ಮೋರಿ ಮಣ್ಣು ಹುರಿದ ಹಂಚು. ಅದೇ ಹಂಚಿನ ಮೇಲೆ ರಾತ್ರಿ ನಮ್ಮವರಿಗೆ ರೊಟ್ಟಿ ಬಡಿದು ಹಾಕಿದೆ. ಮಡಿ ಮೈಲಿಗೆ ಎಂದು ಕುಣಿಯುವ ಮನುಷ್ಯ. ಗೊತ್ತಾದರೆ ನನ್ನ ಕೈ ಊಟ ಬಿಟ್ಟಾರು! ಅಂದು ನಾಲ್ಕು ರೊಟ್ಟಿ ತಿಂದು, “ಇವತ್ತ ರೊಟ್ಟಿ ಭಾಳ ಚೊಲೊ ಆಗ್ಯಾವ” ಎಂದರು. ನಾನು ತಲೆ ಎತ್ತಲಿಲ್ಲ.

ನಿನ್ನ ಮೊದಲ ಕಾಗದದಲ್ಲಿ “ಎಲ್ಲವೂ ಸತ್ತವು” ಎಂದಿದ್ದೆ. ನಾನು ಹುರಿದದ್ದಕ್ಕೇ ಸತ್ತವೋ ಏನೋ, ಅಷ್ಟು ದಿನ ಹೇಗೋ ಜೀವ ಹಿಡಿದು ಕೊನೆಗೆ ಹೋದವೋ ಏನೋ ಎಂದುಕೊಂಡೆ. ನೀನು “ಹಾಗೇ ಕಳಿಸಿ, ಹಾಗೇ ಕಳಿಸಿ” ಎಂದು ಬರೆದಾಗಲೆಲ್ಲ ನನಗೇ ಚುಚ್ಚಿದ ಹಾಗಾಗುತ್ತಿತ್ತು.

ಈ ಕಾಗದದ ಜೊತೆ ಕೊನೆಯದೊಂದು ಡಬ್ಬಿ ಇದೆ. ಅದೇ ಮಣ್ಣು, ಅದೇ ಹಂಚು, ಅದೇ ಉರಿ. ಸತ್ತದ್ದೇ ಇದ್ದರೂ ಇರಲಿ. ನಾನು ಮೊದಲು ಏನು ಕಳಿಸಿದ್ದೆನೋ ಅದನ್ನೇ ಕಳಿಸಿದ್ದೇನೆ ಎಂಬ ಸಮಾಧಾನ ನನಗೆ ಬೇಕು.

ಮಹಾದೇವಕ್ಕ


ಮೈಸೂರು
೨೯ ಮೇ ೨೦೨೫

ಕಾಕೂ! ಕಾಕೂ! ಕಾಕೂ!

ಬಂತು! ತಟ್ಟೆಯ ಮೇಲೆ ನಾಲ್ಕೇ ನಾಲ್ಕು ಚುಕ್ಕೆ. ಮೇಲೆ ಅಯೋಡಿನ್ ಹನಿಸಿದರೆ ಗಂಜಿ ಇರುವಲ್ಲೆಲ್ಲ ನೀಲಿ, ಒಂದು ಚುಕ್ಕೆಯ ಸುತ್ತ ಮಾತ್ರ ರೂಪಾಯಿಯಗಲ ಬೆಳ್ಳಗೆ. ಗಂಜಿ ತಿಂದು ಖಾಲಿ ಮಾಡಿ ಕೂತಿದೆ ಕಳ್ಳ. ತೊಂಬತ್ತು ಡಿಗ್ರಿಗೆ ಇಟ್ಟೆ, ಜಗ್ಗಲಿಲ್ಲ. ಹಳೆಯ ದಾಖಲೆಯ ಜೊತೆ ಸಾಲುಸಾಲಾಗಿ ತಾಳೆ ನೋಡಿದೆ, ಅದೇ! ಮೊದಲು ಮಾಡಿದ ಕೆಲಸ ಫ್ರೀಜರಿನಲ್ಲಿ ಆರು ಪ್ರತಿ ಇಟ್ಟದ್ದು. ಬಾಗಿಲ ಮೇಲೆ ಮಶಾಕಸಾಬ ತಾನೇ ಚೀಟಿ ಅಂಟಿಸಿದ್ದಾನೆ: ಮೈತ್ರೇಯಿ ಮೇಡಮ್ ಮುಟ್ಟಬಾರದು.

ಕಾಕೂ, ನಿಮ್ಮ ಹಂಚು ಯಾರನ್ನೂ ಅನ್ಯಾಯವಾಗಿ ಕೊಲ್ಲಲಿಲ್ಲ. ನನ್ನ ಗಟ್ಟಿಗ ಕಷ್ಟಕಾಲಕ್ಕೆಂದು ಸುತ್ತ ಒಂದು ಚಿಪ್ಪು ಕಟ್ಟಿಕೊಂಡು ಬೀಜದ ಹಾಗೆ ಮಲಗಿರುತ್ತಾನೆ, ಬಿಸಿ ಒಳಗೆ ತಟ್ಟುವುದಿಲ್ಲ. ಅಶಕ್ತರೆಲ್ಲ ಹಂಚಿನ ಮೇಲೆ ಸತ್ತರು, ಚಿಪ್ಪು ಕಟ್ಟಿಕೊಂಡವರು ಮಾತ್ರ ನನ್ನವರೆಗೆ ಬಂದರು. ಆ ಸಂತೆಯನ್ನು ನೀವು ಅಲ್ಲೇ ಚದುರಿಸಿ ಕಳಿಸಿದ್ದಿರಿ. ಅಶಕ್ತರನ್ನು ಕಳೆಯಲು ಮೊದಲು ಮಣ್ಣಿಗೆ ಶಾಖ ಕೊಡಬೇಕು ಎಂದು ನಮ್ಮ ಪುಸ್ತಕದಲ್ಲೇ ಇದೆ. ನಾನು ಓದಿ ಪರೀಕ್ಷೆಯನ್ನೂ ಬರೆದಿದ್ದೆ. ಮಾಡಿದವರು ನೀವು.

ತಿರ್ಲಾಪುರದ ಕರಿಮಣ್ಣಿನ ವಿಶೇಷ ಗುಣದ ನಾಲ್ಕು ಪುಟ ಹರಿದುಹಾಕಿದೆ. ನಂತರ ಎಲ್ಲ ಸಾಕ್ಷಿಗಳನ್ನೂ ಹಿಡಿದು ಸರ್ ಬಳಿ ಹೋಗಿ, ಕುಕ್ಕರಿನಿಂದ ಹಿಡಿದು ಹಂಚಿನವರೆಗೆ ಬಿಡದೆ ಹೇಳಿದೆ. ಸರ್ ಕೂಡ ನಮ್ಮ ಕಡೆಯವರೇ, ಕುಂದಗೋಳದವರು. ಫ್ರೀಜರಿನ ಸುಳ್ಳಿಗೆ ಹದಿನೈದು ನಿಮಿಷ ಬೈದರು, ನಾನು ನಿಂತು ಕೇಳಿದೆ. ಕೊನೆಗೆ ಕನ್ನಡಕ ತೆಗೆದಿಟ್ಟು, “ಹಂಚು ಕಬ್ಬಿಣದ್ದೋ ಮಣ್ಣಿಂದೋ, ಅದನ್ನರ ಕೇಳಿಯೇನವಾ?” ಎಂದರು.

ಆದ್ದರಿಂದ ಬೇಗ ಬರೆಯಿರಿ. ಹಂಚು ಯಾವುದು? ಉರಿ ಎಷ್ಟು? ಎಷ್ಟು ನಿಮಿಷ ಹುರಿದಿರಿ? ಇನ್ನೊಂದು ಮಾತು. ಈ ಬ್ಯಾಕ್ಟೀರಿಯಾಕ್ಕೆ ನಾನು ಒಂದು ಗುರುತಿನ ಹೆಸರು ಕೊಡಬೇಕು. ನಿಮ್ಮ ಹೆಸರನ್ನೇ ಇಡುತ್ತೇನೆ.

ನಿಮ್ಮ ಮಗಳು
ಮೈತ್ರೇಯಿ


ತಿರ್ಲಾಪುರ
೨ ಜೂನ್ ೨೦೨೫

ಮಗಳೇ,

ಓದಿ ಕಣ್ಣೀರು ಬಂತು, ಸಂಡಿಗೆಯ ಹಿಟ್ಟು ತಳ ಹತ್ತಿತು. ಹತ್ತಲಿ ಬಿಡು.

ಹಂಚು ಕಬ್ಬಿಣದ್ದು, ನನ್ನ ತವರಿನವರು ಕೊಟ್ಟದ್ದು. ಉರಿ ಸಣ್ಣದು, ಎರಡು ಬೆರಣಿಯದು. ನಿಮಿಷ ನೋಡಲು ನನ್ನ ಒಲೆಯ ಮುಂದೆ ಗಡಿಯಾರವಿಲ್ಲ. ಏನೇ ಹುರಿಯಲಿ, ಓಂ ನಮಃ ಶಿವಾಯ ಎಂದು ನೂರೆಂಟು ಸಲ ಹೇಳಿ ಇಳಿಸುತ್ತೇನೆ. ರವೆಗೂ ಅಷ್ಟೇ, ಮಣ್ಣಿಗೂ ಅಷ್ಟೇ. ಅವಸರ ಮಾಡುವುದಿಲ್ಲ. ಜಮಾಲಬಿ ತನ್ನ ಫೋನು ಹಿಡಿದು ನೋಡಿದಳು, ಏಳು ನಿಮಿಷ ಆಯಿತಂತೆ. ಇನ್ನೊಮ್ಮೆ ನೋಡಿದರೂ ಏಳೇ.

ಹೆಸರಿನ ಮಾತು ಕೇಳು. ಹುಳಕ್ಕೆ ನನ್ನ ಹೆಸರಿಟ್ಟೆಯೋ, ಜೋಕೆ! ಮೂವತ್ತು ಸೇರು ಗೋಧಿ ಹಾಲು ಕೆಡಿಸಿದ ಹಾಳಾದದ್ದಕ್ಕೆ ನನ್ನ ಹೆಸರೇ? ಅದಕ್ಕೆ ಬೇಕಾದರೆ ಊರ ಹೆಸರಿಡು. ನನ್ನ ಹೆಸರು ಹಾಕಲೇಬೇಕೆಂದಿದ್ದರೆ ಹುರಿದದ್ದಕ್ಕೆ ಹಾಕು. ಅದು ನಾನು ಮಾಡಿದ ಕೆಲಸ.

ಇಂಗ್ಲಿಷಿನಲ್ಲಿ ತಾನೇ ಬರೆಯುವುದು? ಹಾಗಾದರೆ ಅಡ್ಡಿಯಿಲ್ಲ. ನಮ್ಮವರಿಗೆ ಇಂಗ್ಲಿಷ್ ಬರುವುದಿಲ್ಲ.

ಮಹಾದೇವಕ್ಕ


ಮೈಸೂರು
೧೪ ಜೂನ್ ೨೦೨೫

ಪ್ರೀತಿಯ ಕಾಕೂ,

ಸೆಮಿನಾರ್ ಮುಗಿಯಿತು. ಪ್ರಬಂಧ ಸಲ್ಲಿಸಲು ಒಪ್ಪಿಗೆ ಸಿಕ್ಕಿತು!

ಹೊರಗಿನ ತಜ್ಞರು ನಾನು ಅಂದುಕೊಂಡಂತೆಯೇ “ತೋರಿಸಿ” ಎಂದರು. ತೋರಿಸಿದೆ. ನಂತರ ಪುಟ ತಿರುವುತ್ತ ಒಂದು ಕಡೆ ನಿಂತರು. ಕೃತಜ್ಞತೆಯ ಪುಟದಲ್ಲಿ ಎಲ್ಲರೂ ಎಲ್ಲರ ಹೆಸರನ್ನೂ ಹಾಕುತ್ತಾರೆ, ಕೊನೆಗೆ ಹಾಸ್ಟೆಲಿನ ಅಡುಗೆಯವರದ್ದೂ. ನಾನು ನಿಮ್ಮ ಹೆಸರನ್ನು ಅಲ್ಲಿ ಹಾಕಲಿಲ್ಲ. ಕೆಲಸ ಮಾಡಿದ ವಿಧಾನವನ್ನು ಹೇಳುವ ಅಧ್ಯಾಯದಲ್ಲಿ ಹಾಕಿದೆ. ಅದರ ಕನ್ನಡ ಹೀಗಾಗುತ್ತದೆ: “ಮಣ್ಣನ್ನು ತಿರ್ಲಾಪುರದ ಶ್ರೀಮತಿ ಮಹಾದೇವಕ್ಕನವರು ತಮ್ಮ ಕಬ್ಬಿಣದ ರೊಟ್ಟಿ ಹಂಚಿನ ಮೇಲೆ, ಸಣ್ಣ ಉರಿಯಲ್ಲಿ, ಏಳು ನಿಮಿಷ ಹುರಿದರು. ಈ ಹಂತವಿಲ್ಲದೆ ಮಾಡಿದ ಪ್ರಯತ್ನಗಳು ವಿಫಲವಾದವು.”

ತಜ್ಞರು ಅದನ್ನು ಗಟ್ಟಿಯಾಗಿ ಓದಿ, “ಏಳು ನಿಮಿಷ ಎಂದು ಹೇಗೆ ಖಚಿತ?” ಎಂದು ಕೇಳಿದರು. ನೂರೆಂಟು ಸಲದ ಲೆಕ್ಕ ಹೇಳಿದೆ. ಸಭೆ ನಕ್ಕಿತು. ಅವರು ನಗಲಿಲ್ಲ. “ಎರಡು ಸಲವೂ ಏಳೇ ಬಂತೇ? ನಮ್ಮ ಹುಡುಗರ ಕೈಯಲ್ಲಿ ಗಡಿಯಾರವಿದ್ದೂ ಬರುವುದಿಲ್ಲ” ಎಂದು ಬರೆದುಕೊಂಡರು. ಬ್ಯಾಕ್ಟೀರಿಯಾಕ್ಕೆ ನೀವು ಹೇಳಿದ ಹಾಗೆ ಊರ ಹೆಸರೇ, ತಿರ್ಲಾಪುರ-೧.

ಒಂದು ಅನಾಹುತವಾಗಿದೆ. ಸುನಿತಾ ಸಭೆಯಲ್ಲಿದ್ದಳು. ಖುಷಿಯ ಭರದಲ್ಲಿ ಆ ಪುಟದ ಫೋಟೋ ತೆಗೆದು, ಕೆಳಗೆ ಕನ್ನಡದಲ್ಲಿ ಅರ್ಥವನ್ನೂ ಗಂಜಿ ಕರಗಿಸುವ ಹುಳದ ಕಥೆಯನ್ನೂ ಬರೆದು ನಿಮ್ಮ ಮನೆಯವರ ಫೋನಿಗೆ ಕಳಿಸಿಬಿಟ್ಟಿದ್ದಾಳೆ. ನಾನು ತಡೆಯುವಷ್ಟರಲ್ಲಿ ಹೋಗಿಬಿಟ್ಟಿತ್ತು. ಕಾಕೂ, ಏನಾಯಿತು? ಕೂಡಲೇ ಬರೆಯಿರಿ.

ನಿಮ್ಮ
ಮೈತ್ರೇಯಿ


ತಿರ್ಲಾಪುರ
೨೩ ಜೂನ್ ೨೦೨೫

ಡಾಕ್ಟರ್ ಆಗಲಿರುವ ಮಗಳು ಮೈತ್ರೇಯಿಗೆ ಆಶೀರ್ವಾದಗಳು.

ಫೋಟೋ ಬಂದಾಗ ನಮ್ಮವರು ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತಿದ್ದರಂತೆ. ಹೆಂಡತಿಯ ಹೆಸರು ಪುಸ್ತಕದಲ್ಲಿ ಅಚ್ಚಾಗಿದೆ ಎಂದು ಹಿಗ್ಗಿ ಎಲ್ಲರಿಗೂ ಕೇಳುವಂತೆ ಓದತೊಡಗಿದರಂತೆ. “ರೊಟ್ಟಿ ಹಂಚಿನ ಮೇಲೆ” ಎಂಬಲ್ಲಿಗೆ ಬಂದಾಗ ದನಿ ನಿಂತಿತು ಎಂದು ಮಡಿವಾಳೆಪ್ಪ ಹೇಳಿದ.

ಮನೆಗೆ ಬಂದರು. ನಾನು ಒಲೆಯ ಮುಂದಿದ್ದೆ. “ಮಾದೇವಿ, ಯಾವ ದಿವಸ ಅದು?” ಎಂದು ಕೇಳಿದರು. ಹೇಳಿದೆ. ಬೆರಳು ಮಡಿಚಿ ನೆನಪು ಮಾಡಿಕೊಂಡರು. ಆಮೇಲೆ, “ಅದಕ್ಕ ಮತ್ತ! ಅವತ್ತ ನಾಕ ರೊಟ್ಟಿ ತಿಂದರೂ ಹೊಟ್ಟಿ ಅಗದಿ ಹಗುರ ಇತ್ತಲ್ಲ! ಗಂಜಿ ಕರಗಸೂ ಹುಳಾ ಅಂದ್ರ ಸುಮ್ಮನೇನ?” ಎಂದರು. ಒಂದು ವರ್ಷ ಎರಡು ತಿಂಗಳು ನಾನು ನುಂಗಿಕೊಂಡಿದ್ದ ಸಂಕಟವನ್ನು ಈ ಮನುಷ್ಯ ಒಂದು ತೇಗಿನಲ್ಲಿ ಮುಗಿಸಿದರು. ಈಗ ದಿನವೂ ಊಟಕ್ಕೆ ಕೂತು, “ಆ ಹಂಚಿಂದು ಹಾಕ” ಎನ್ನುತ್ತಾರೆ. ಏಳು ಸಲ ತೊಳೆದ ಹಂಚಿನಲ್ಲಿ ಹುಳ ಎಲ್ಲಿಂದ ಬರಬೇಕು? ನಾನು ಹೇಳಲು ಹೋಗಿಲ್ಲ. ಐದು ರೊಟ್ಟಿ ತಿಂದು ಆರಾಮಾಗಿದ್ದಾರೆ.

ಆದರೆ ನನಗೆ ಮನಸ್ಸು ಒಪ್ಪಲಿಲ್ಲ. ನವಲಗುಂದ ಸಂತೆಯಿಂದ ಹೊಸ ಹಂಚು ತಂದು ಒಲೆಯ ಮೇಲಿಟ್ಟಿದ್ದೇನೆ, ಅವರಿಗೆ ಅದರ ಗುರುತು ಹತ್ತಿಲ್ಲ. ಹಳೆಯದನ್ನು ಹಿತ್ತಲ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಯಾರಿಗೆ ಯಾವ ಮಣ್ಣು ಬೇಕಾದರೂ ಇನ್ನು ಅದರ ಮೇಲೇ ಹುರಿದುಕೊಡುವುದು. ಅದರ ಹಿಂಬದಿಗೆ ಸುಣ್ಣದಲ್ಲಿ, ನಿನ್ನ ಪುಸ್ತಕದಲ್ಲಿ ಇರುವ ಹಾಗೆಯೇ, ಶ್ರೀಮತಿ ಮಹಾದೇವಕ್ಕ, ತಿರ್ಲಾಪುರ, ಏಳು ನಿಮಿಷ ಎಂದು ಬರೆದಿದ್ದೇನೆ. ಮಳೆಗೆ ಅಳಿಸಿಹೋದಾಗಲೆಲ್ಲ ಮತ್ತೆ ಬರೆಯುತ್ತೇನೆ.

ಈ ಡಬ್ಬಿಯಲ್ಲಿ ಮಣ್ಣಿಲ್ಲ, ಗೋಧಿ ಹಾಲಿನ ಸಂಡಿಗೆ ಇದೆ. ಮೊದಲು ಮಶಾಕಸಾಬನಿಗೆ ಕೊಟ್ಟು ಆಮೇಲೆ ನೀನು ತಿನ್ನು.

ಮಹಾದೇವಕ್ಕ